ಕೆರಳುವ ಕರುಳಿಗೆ ಪಥ್ಯ

(ದ್ವಾರಕಾ ನಗರದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಹೊಟ್ಟೆಯ ಬೇನೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಊರು ಬಿಟ್ಟು ವಿಶಾಖಪಟ್ಟಣಕ್ಕೆ ಬಂದ ನಾವು ಜೊತೆಗೆ ತಂದ ಕನ್ನಡದಲ್ಲಿ ಅರ್ಧ ನಾಲಿಗೆಯ ಮೇಲಿದ್ದರೆ ಇನ್ನರ್ಧ ಅಡುಗೆಮನೆಯಲ್ಲಿದೆ. ಆ ಅಡುಗೆಮನೆಯ ಊಟಕ್ಕೇ ಹೆದರುವವರು ನಮ್ಮ ಕುಟುಂಬಗಳಲ್ಲಿದ್ದಾರೆ. ಮದುವೆ ಮುಂಜಿಗೆ ಕರೆದರೆ ನೆಪ ಹೇಳುತ್ತಾರೆ. ಬೆಂಗಳೂರಿನ ರೈಲು ಹತ್ತಬೇಕಾದರೆ ಹಿಂದಿನ ರಾತ್ರಿಯಿಂದಲೇ ಉಪವಾಸ. ಎಲ್ಲಿಗೆ ಹೋದರೂ ಮೊದಲು ಹುಡುಕುವುದು ಕಕ್ಕಸು ಎಲ್ಲಿದೆ ಎಂದು. ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಅವರಿಗಾಗಿ ಈ ನಾಲ್ಕು ಮಾತು.

ವೈದ್ಯರು ಇದಕ್ಕೆ ಇರಿಟಬಲ್ ಬವೆಲ್ ಸಿಂಡ್ರೋಮ್ ಎನ್ನುತ್ತಾರೆ. ನಾವು ಕೆರಳುವ ಕರುಳು ಎನ್ನೋಣ. ಹೊಟ್ಟೆನೋವು, ಉಬ್ಬರ, ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ಪಾಪ, ಕೆಲವರಿಗೆ ಎರಡೂ ಸರದಿಯ ಮೇಲೆ. 2016ರಲ್ಲಿ ಪ್ರಕಟವಾದ ರೋಮ್ ಸೂತ್ರಗಳ ಪ್ರಕಾರ, ಕಳೆದ 3 ತಿಂಗಳಲ್ಲಿ ವಾರಕ್ಕೆ ಸರಾಸರಿ 1 ದಿನವಾದರೂ ನೋವಿದ್ದು, ಅದಕ್ಕೂ ಮಲವಿಸರ್ಜನೆಗೂ ಸಂಬಂಧ ಇರಬೇಕು. ಪರೀಕ್ಷೆ ಮಾಡಿದರೆ ಹುಣ್ಣಿಲ್ಲ, ಗಡ್ಡೆಯಿಲ್ಲ. ಅಷ್ಟಕ್ಕೇ ಮನೆಯವರು “ಏನೂ ಇಲ್ಲವಂತೆ, ಎಲ್ಲಾ ಮನಸ್ಸಿನ ಭ್ರಮೆ” ಎಂದುಬಿಡುತ್ತಾರೆ. ಇದು ಅನ್ಯಾಯದ ಮಾತು. ಕರುಳಿಗೂ ಮೆದುಳಿಗೂ ನರಗಳ ಬಳಕೆ ಬಹಳ. ಇತರರಿಗೆ ಗೊತ್ತೂ ಆಗದ ವಾಯು ಇವರಿಗೆ ಶೂಲೆಯಾಗುತ್ತದೆ.

ನಾವು ಕೂಡಲೇ ದೂರುವುದು ಈ ಊರನ್ನು. “ಇಲ್ಲಿಯ ನೀರು ಒಗ್ಗಲಿಲ್ಲ, ಆಂಧ್ರದ ಖಾರ ಹೊಟ್ಟೆ ಕೆಡಿಸಿತು” ಎನ್ನುತ್ತೇವೆ. ಇದರಲ್ಲಿ ಸ್ವಲ್ಪ ಸತ್ಯವುಂಟು. ಸೋಂಕಿನಿಂದ ಒಮ್ಮೆ ಜೋರಾಗಿ ವಾಂತಿಭೇದಿಯಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ಬೇನೆ ಉಳಿದುಕೊಳ್ಳುತ್ತದೆ. ಮೆಣಸಿನಕಾಯಿಯ ಖಾರವೂ ಇಂಥ ಕರುಳನ್ನು ಕೆರಳಿಸುವುದು ನಿಜ. ಆದರೆ ಆವಕಾಯಿಯನ್ನೂ ಗೋಂಗೂರವನ್ನೂ ಬಿಟ್ಟು ವರ್ಷಗಳಾದರೂ ನರಳುವವರ ಸಂಗತಿ ಏನು? ಅವರ ತಟ್ಟೆಯಲ್ಲಿ ಏನಿದೆ ನೋಡಿ: ತೊಗರಿಬೇಳೆಯ ಹುಳಿ, ಅದರಲ್ಲಿ ಸಾಂಬಾರ ಈರುಳ್ಳಿ, ರಾತ್ರಿ ಅನ್ನ ಬಿಟ್ಟು ಚಪಾತಿ, ಮಲಗುವ ಮುನ್ನ ಒಂದು ಲೋಟ ಹಾಲು. ಎಲ್ಲವೂ ನಮ್ಮ ಮನೆಯದೇ.

ಆಸ್ಟ್ರೇಲಿಯದ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾನಿಲಯದ ಪೀಟರ್ ಗಿಬ್ಸನ್, ಸೂ ಶೆಫರ್ಡ್ ಮೊದಲಾದವರು ಇದನ್ನು ಶೋಧಿಸಿದರು. 2005ರಲ್ಲಿ ಅವರ ತಂಡದಿಂದ ‘ಫಾಡ್‌ಮ್ಯಾಪ್’ ಎಂಬ ಹೆಸರು ಬಂತು. ಸಣ್ಣಕರುಳು ಸರಿಯಾಗಿ ಹೀರಿಕೊಳ್ಳಲಾರದ ಕೆಲವು ಸಕ್ಕರೆಗಳ ಗುಂಪು ಅದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿಗಳಲ್ಲಿ ಒಂದು ಬಗೆ, ತೊಗರಿ, ಕಡಲೆ, ಅವರೆಗಳಲ್ಲಿ ಇನ್ನೊಂದು, ಹಾಲಿನಲ್ಲಿ ಮತ್ತೊಂದು, ಮಾವಿನಹಣ್ಣು ಮತ್ತು ಜೇನಿನಲ್ಲಿ ಬೇರೊಂದು. ಇವು ಕರುಳಿಗೆ ನೀರನ್ನು ಸೆಳೆಯುತ್ತವೆ. ದೊಡ್ಡಕರುಳಿಗೆ ಇಳಿದಾಗ ಅಲ್ಲಿಯ ಜೀವಾಣುಗಳು ಹುಳಿಯಿಸಿ ವಾಯುವನ್ನು ಎಬ್ಬಿಸುತ್ತವೆ. ಎಲ್ಲರ ಹೊಟ್ಟೆಯಲ್ಲೂ ಇದು ನಡೆಯುವುದೇ. ನೋವು ಮಾತ್ರ ಕೆರಳುವ ಕರುಳಿಗೆ.

ಇನ್ನು ಅಡುಗೆಮನೆಗೆ ಬರೋಣ. ಈರುಳ್ಳಿ, ಬೆಳ್ಳುಳ್ಳಿಗಳ ಈ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದುದರಿಂದ ಸಾರಿನಲ್ಲಿ ಈರುಳ್ಳಿ ಕುದಿಸಿ ಹೋಳು ಎತ್ತಿಟ್ಟರೆ ಫಲವಿಲ್ಲ. ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಬಾಡಿಸಿ, ಎಸಳು ತೆಗೆದು, ಆ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟರೆ ಘಮ ಉಳಿಯುತ್ತದೆ, ಉಪದ್ರವ ತಪ್ಪುತ್ತದೆ. ಎಣ್ಣೆಯನ್ನು ಅಂದಂದೇ ಮುಗಿಸಬೇಕು, ಕೂಡಿಡಬಾರದು. ಇಂಗು ಇದ್ದರೆ ಈರುಳ್ಳಿಯ ನೆನಪೇ ಬಾರದು. ಈರುಳ್ಳಿ ಸೊಪ್ಪಿನ ಹಸಿರು ಭಾಗಕ್ಕೂ ಅಡ್ಡಿಯಿಲ್ಲ. ಬೇಳೆಕಟ್ಟಿನ ಸಾರು ತಿಳಿ, ಹಗುರ ಎಂದು ರೋಗಿಗೆ ಬಡಿಸುತ್ತೇವೆ; ಬೇಳೆಯಿಂದ ನೀರಿಗೆ ಇಳಿದ ಸಕ್ಕರೆ ಇರುವುದು ಅದರಲ್ಲೇ! ಅದರ ಬದಲು ಬೇಳೆಯಿಲ್ಲದ ಮೆಣಸು ಜೀರಿಗೆಯ ಸಾರು ಮಾಡಿ. ಬೇಳೆ ಬೇಕೇ ಬೇಕಾದರೆ ನೆನೆಸಿ, ಆ ನೀರು ಚೆಲ್ಲಿ, ಸ್ವಲ್ಪ ಹಾಕಿ. ಅನ್ನ, ಜೋಳದ ರೊಟ್ಟಿ, ಬದನೆ, ಸೌತೆ, ಆಲೂಗಡ್ಡೆ, ಕ್ಯಾರೆಟ್, ಪಾಲಕ್ ಸೊಪ್ಪು ಸಾಮಾನ್ಯವಾಗಿ ಒಗ್ಗುತ್ತವೆ. ರೈತು ಬಜಾರಿನಲ್ಲಿ ಇವಕ್ಕೇನು ಕೊರತೆ? ಸಕ್ಕರೆ ಕಾಯಿಲೆಯವರು ಮಾತ್ರ ಚಪಾತಿಯಿಂದ ಅನ್ನಕ್ಕೆ ಬದಲಾಯಿಸುವ ಮುನ್ನ ವೈದ್ಯರನ್ನು ಕೇಳಲಿ.

ಆದರೆ ಎಲ್ಲರೂ ನಾಳೆಯೇ ಈ ಕಟ್ಟುನಿಟ್ಟಿಗೆ ಇಳಿಯಬೇಕಾಗಿಲ್ಲ. 2015ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಒಂದು ಪರೀಕ್ಷೆಯಲ್ಲಿ ಹಳೆಯ ಸರಳ ಸಲಹೆಯನ್ನೂ ಈ ಹೊಸ ಪಥ್ಯವನ್ನೂ ಹೋಲಿಸಿದರು. ಎರಡರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಗುಣ ಕಂಡಿತು. ಹೊತ್ತಿಗೆ ಸರಿಯಾಗಿ, ಸ್ವಲ್ಪಸ್ವಲ್ಪವಾಗಿ, ನಿಧಾನವಾಗಿ ಉಣ್ಣುವುದು, ಕಾಫಿ, ಕರಿದದ್ದು, ಖಾರಗಳನ್ನು ತಗ್ಗಿಸುವುದು, ಇಂಥವು ಆ ಹಳೆಯ ಸಲಹೆಗಳು. ಇಸಬಗೋಲು ಕೂಡ ಅನೇಕರಿಗೆ ಹಿತ; ಗೋಧಿ ತೌಡು ಹಾಗಲ್ಲ, ಉಬ್ಬರ ಹೆಚ್ಚಿಸಬಹುದು. ಇದರಿಂದ ಆಗದಿದ್ದರೆ ಮಾತ್ರ, ಸಾಧ್ಯವಾದರೆ ಆಹಾರ ತಜ್ಞರ ಸಲಹೆ ಪಡೆದು, 2ರಿಂದ 6 ವಾರ ಆ ಪದಾರ್ಥಗಳನ್ನು ಬಿಡಿ. ಗುಣ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ.

ಗುಣ ಕಂಡವರೇ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹಿತವಾಯಿತೆಂದು ಪಥ್ಯದಲ್ಲೇ ಕುಳಿತುಬಿಡುತ್ತಾರೆ. ಗಂಜಿ, ಮಜ್ಜಿಗೆಯಲ್ಲೇ ಕಾಲ ಕಳೆದು ಸೊರಗುವ ತಾಯಂದಿರುಂಟು. ಪಥ್ಯ ಎಂದರೆ ಬಾಣಂತನದ ಹಾಗೆ ಅವಧಿ ಉಳ್ಳದ್ದು. ಬಿಟ್ಟದ್ದನ್ನು ಒಂದೊಂದಾಗಿ ಮರಳಿ ತರಬೇಕು. ಈ ವಾರ ಹಾಲು, ಮೂರು ದಿನ ಪ್ರಮಾಣ ಏರಿಸಿ ನೋಡಿ, ಬರೆದಿಡಿ, ಮುಂದಿನ ವಾರ ಗೋಧಿ. ಒಬ್ಬರಿಗೆ ಹಾಲು ಆಗದು, ಮೊಸರು ಆದೀತು; ಇನ್ನೊಬ್ಬರಿಗೆ ಈರುಳ್ಳಿಯೊಂದೇ ಶತ್ರು. ಊರಿಂದ ಅವರೆಕಾಳು ಬಂದ ದಿನ ಒಂದು ಚಮಚ ತಿಂದು ನೋಡಲು ಹೆದರಬೇಡಿ.

ಆದರೆ ಇವು ಕಂಡರೆ ಪಥ್ಯದ ಮಾತು ಬಿಟ್ಟು ವೈದ್ಯರಲ್ಲಿಗೆ ಹೋಗಿ: ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ. ಗೋಧಿ ಬಿಡುವ ಮುನ್ನವೇ ಸೀಲಿಯಾಕ್ ಬೇನೆಯ ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಬೇನೆ ಇದ್ದರೂ ಕಾಣದೆ ಹೋಗಬಹುದು. ಮಕ್ಕಳು, ಗರ್ಭಿಣಿಯರು, ಈಗಾಗಲೇ ಸೊರಗಿದ ಹಿರಿಯರು ತಾವೇ ಈ ಪ್ರಯೋಗ ಮಾಡಕೂಡದು.

ಇಂದಿನ ಊಟಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಬೇಳೆ ಇಲ್ಲದ ಮೆಣಸಿನ ಸಾರನ್ನು ಒಂದು ಪಾತ್ರೆಯಲ್ಲಿ ಬೇರೆಯಾಗಿ ಇಡಿಸಿದ್ದೇವೆ. ಬೇಕಾದವರು ಬಡಿಸಿಕೊಳ್ಳಬಹುದು, ಏಕೆಂದು ಯಾರೂ ಕೇಳಬೇಡಿ.