ಪಾಳಿಯ ಭೋಂಗಾ ಮತ್ತು ಮನೆಯ ಮಗು
(ನೆಲೋಗಿಯಲ್ಲಿ ಮಿಲ್ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೊಗರಿಯ ಧಾರಣೆ ಇವುಗಳನ್ನು ನಾವು ಎತ್ತದ ಸಭೆಯಿಲ್ಲ. ಇಂದು ಮನೆಯೊಳಗೆ ಮುಚ್ಚಿಟ್ಟ ಒಂದು ಮಾತನ್ನು ಎತ್ತುತ್ತೇವೆ. ಮಾತು ಬಾರದ ಮಗು, ಕರೆದರೆ ತಿರುಗಿ ನೋಡದ ಮಗು, ಒಂದು ಗಳಿಗೆ ಕೂತಲ್ಲಿ ಕೂಡದ ಮಗು, ಅಕ್ಷರಗಳು ಕಣ್ಣೆದುರು ಕಲಸಿಹೋಗುವ ಮಗು. ಇವರ ಮಿದುಳು ಬೆಳೆಯುವ ರೀತಿಯೇ ಬೇರೆ. ಮಾಸ್ತರಿಕೆ ಮಾಡಿ ಬಂದ ನಾವು ಇಂಥ ಮಕ್ಕಳನ್ನು ಪ್ರತಿ ವರ್ಷವೂ ಕಂಡವರು. ವೈದ್ಯರು ಆಟಿಸಂ ಎನ್ನುತ್ತಾರೆ, ಕಲಿಕಾ ನ್ಯೂನತೆ ಎನ್ನುತ್ತಾರೆ. ಊರವರು ಗಾಳಿ ಸೋಂಕು ಎನ್ನುತ್ತಾರೆ, ಹೆತ್ತವಳ ಪಾಪ ಎನ್ನುತ್ತಾರೆ. ಊರವರನ್ನೇ ಏಕೆ ಬೈಯಬೇಕು? ಒಂದು ಕಾಲಕ್ಕೆ ಪಶ್ಚಿಮದ ದೊಡ್ಡ ವೈದ್ಯರೂ ತಾಯಿಯ ಮಮತೆ ಸಾಲದ್ದೇ ಕಾರಣವೆಂದು ಬರೆದರು. ಆಗ ಲಂಡನ್ನಿನಲ್ಲಿ ತಂದೆತಾಯಂದಿರೇ 1962ರಲ್ಲಿ ಸಂಘ ಕಟ್ಟಿದರು. ಅವರಲ್ಲೊಬ್ಬರು ಲೋರ್ನಾ ವಿಂಗ್. ಸ್ವತಃ ವೈದ್ಯೆ, ಆಟಿಸಂ ಇದ್ದ ಮಗಳ ತಾಯಿ. ವೃತ್ತಿಯನ್ನೂ ಬಿಡಲಿಲ್ಲ, ಮಗಳನ್ನೂ ಬಿಡಲಿಲ್ಲ.

ಅದು ಲಂಡನ್ನಿನ ಮಾತಾಯಿತು. ನಮ್ಮ ಕಡೆಯಿಂದ ಕಲಬುರಗಿಯ ದಾಲ್ ಮಿಲ್ಲಿಗೆ ಹೋಗುವ ಫಿಟ್ಟರನನ್ನು ನೋಡಿರಿ. ಬೇರಿಂಗ್ ಕೆಟ್ಟದ್ದನ್ನು ಸದ್ದಿನಿಂದಲೇ ಹಿಡಿಯುವವನು. ಕೈ ಪಳಗಿದಷ್ಟೂ ಅವನಿಗೆ ಬಿಡುವು ಕಡಿಮೆ. ಯಂತ್ರ ನಿಂತರೆ ಪಾಳಿ ಮುಗಿದರೂ ಮನೆಗೆ ಬಿಡರು. ರಜೆ ಕೇಳಿದರೆ ಬದಲಿ ಆಳಿಲ್ಲ ಎನ್ನುತ್ತಾರೆ. ಇತ್ತ ಮನೆಯ ಮಗುವಿಗೆ ದಿನವೂ ಅದೇ ತಾಟು, ಅದೇ ಜಾಗ, ಅಪ್ಪ ಬರುವ ಅದೇ ಹೊತ್ತು ಬೇಕು. ವಾರಕ್ಕೊಮ್ಮೆ ಪಾಳಿ ತಿರುಗಿದರೆ ಆ ಮಗುವಿನ ಲೋಕವೇ ತಿರುಗುತ್ತದೆ. ಅದು ಕಿವಿ ಮುಚ್ಚಿಕೊಂಡು ಕಿರುಚುತ್ತದೆ. ಹಟವಲ್ಲ ಅದು. ರಾತ್ರಿ ಪಾಳಿ ಮುಗಿಸಿದ ಅಪ್ಪ ಮಲಗಬೇಕೆಂದು ತಾಯಿ ಮಗುವನ್ನೆತ್ತಿಕೊಂಡು ಬಿಸಿಲಿನಲ್ಲಿ ಹೊರಗೆ ನಿಲ್ಲುತ್ತಾಳೆ. ಅವಳೂ ನರ್ಸಿಂಗೋ ಕಂಪ್ಯೂಟರೋ ಕಲಿತವಳಿರಬಹುದು. ಕೆಲಸ ಬಿಡುವ ಸರದಿ ಬಂದಾಗ ಮೊದಲು ಬಿಡುವವಳು ಅವಳೇ.

ಮಾತಿನ ತರಬೇತಿ ಬೇಕೆಂದರೆ ಇಲ್ಲಿಂದ ಜೇವರ್ಗಿ, ಅಲ್ಲಿಂದ ಭೀಮಾ ದಾಟಿ ಕಲಬುರಗಿ. ಒಂದು ತಾಸಿನ ತರಬೇತಿಗೆ ಒಂದು ದಿನದ ಪಗಾರ ಹೋಯಿತು. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮೈಸೂರು ನಮಗೆಷ್ಟು ದೂರವೆಂದು ಹೇಳಬೇಕೇ? ಧರ್ಮಸಿಂಗರನ್ನು 2004ರಲ್ಲಿ ಮುಖ್ಯಮಂತ್ರಿಯ ಕುರ್ಚಿಗೆ ಕಳಿಸಿದ ಊರು ಇದು. ಮಗುವಿಗೆ ಮಾತು ಕಲಿಸಲು ಇಂದಿಗೂ ಬಸ್ಸೇ ಗತಿ.

ಕಾನೂನು ಇಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ, ಕಲಿಕಾ ನ್ಯೂನತೆಗಳನ್ನೂ ಸೇರಿಸಿ 21 ಬಗೆಗಳನ್ನು ಒಪ್ಪಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯ ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲೇ ಉಚಿತ ಶಿಕ್ಷಣ ಹಕ್ಕು. ಇ.ಎಸ್.ಐ. ಇರುವ ಕಾರ್ಮಿಕರು ಇದನ್ನು ಗಟ್ಟಿಯಾಗಿ ನೆನಪಿಡಿರಿ: ನಿಮ್ಮ ದುಡಿಮೆಯನ್ನೇ ನಂಬಿದ, ದೇಹ ಅಥವಾ ಮನಸ್ಸಿನ ನ್ಯೂನತೆಯಿರುವ ಮಗು ದೊಡ್ಡದಾದರೂ ಕಾಯ್ದೆಯ ಕಣ್ಣಿಗೆ ನಿಮ್ಮ ಕುಟುಂಬದವನೇ. ವಯಸ್ಸಾಯಿತೆಂದು ಹೆಸರು ತೆಗೆಯಗೊಡಬೇಡಿರಿ. ಅಂಗಡಿಕಾರ ಬಂಧುಗಳಿಗೆ ಇ.ಎಸ್.ಐ. ಇಲ್ಲ, ರಜೆಯೂ ಇಲ್ಲ. ಆಟಿಸಂ, ಬುದ್ಧಿಮಾಂದ್ಯ ಇರುವವರಿಗಾಗಿ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಿದೆ. ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ, ತರಬೇತಿಯ ಖರ್ಚೂ ಅದರಲ್ಲಿ ಸೇರಿದೆ.

ಇಂಥ ಮಗುವನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ನೌಕರನಿಗೆ 2014ರ ಆದೇಶದಿಂದ ಸರದಿ ವರ್ಗಾವಣೆಯ ವಿನಾಯಿತಿ ಕೇಳುವ ದಾರಿ ತೆರೆಯಿತು; 2016ರಲ್ಲಿ ಆಟಿಸಂ ಕೂಡ ಅದರಲ್ಲಿ ಸೇರಿತು. ದಿಲ್ಲಿಯ ಗುಮಾಸ್ತನ ಮಗುವಿಗೆ ನೆಲೆ ಬೇಕೆಂದು ಒಪ್ಪಿದವರು ಫಿಟ್ಟರನ ಮಗುವಿಗೆ ಬೇಡವೆನ್ನಲು ಯಾವ ನ್ಯಾಯ? ಇದು ಮಾಲೀಕನ ದಯೆಯ ಪ್ರಶ್ನೆಯಲ್ಲ. ಈ ಸಲ ಬೇಡಿಕೆಯ ಪಟ್ಟಿ ಬರೆಯುವಾಗ ಬೋನಸ್ಸಿನ ಕೆಳಗೆ ಇನ್ನೊಂದು ಕಲಮು ಸೇರಿಸಿರಿ: ಪ್ರಮಾಣಪತ್ರವಿರುವ ಮಗುವಿನ ತಂದೆಗೂ ತಾಯಿಗೂ ತಿರುಗದ ಹಗಲು ಪಾಳಿ, ತರಬೇತಿಯ ದಿನ ಪಗಾರ ಕಡಿಯದ ಅರ್ಧ ದಿನ.