ಯೀಸ್ಟ್ ಕಲಿಸಿದ ಪಾಠ



ನಮ್ಮ ಪಶ್ಚಿಮ ಘಟ್ಟದಲ್ಲಿ ಕೆಟ್ಟ ವಾಸನೆಯ ಒಂದು ಸಣ್ಣ ಮರವಿದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ನೋಥಾಪೊಡೈಟಿಸ್. 1966ರಲ್ಲಿ ಚೀನಾ ಮೂಲದ ಮರವೊಂದರಲ್ಲಿ ಕಂಡ ಕ್ಯಾಂಪ್ಟೋಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ವಸ್ತು ಇದರಲ್ಲೂ ಇದೆಯೆಂದು 1972ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ತಿಳಿಸಿದರು.

ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ನೆರವಾದದ್ದು ಬೇಕರಿಯ ಬನ್ ಉಬ್ಬಿಸುವ ಯೀಸ್ಟ್. ತೆಂಗಿನ ನಾರಿನ ಹಗ್ಗಕ್ಕೆ ಹುರಿ ಹೆಚ್ಚಾದರೆ ಸುತ್ತಿಕೊಳ್ಳುತ್ತದಲ್ಲವೇ? ಡಿಎನ್‌ಎ ಕೂಡ ಹಾಗೆಯೇ. ಆಗ ಟೊಪೊಐಸೊಮರೇಸ್ ಎಂಬ ಕಿಣ್ವ ಒಂದು ಎಳೆ ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಈ ವಸ್ತು ಬೆಸೆಯಲು ಬಿಡುವುದಿಲ್ಲ. ಕೋಶ ತನ್ನ ಡಿಎನ್‌ಎ ನಕಲು ಮಾಡುತ್ತಾ ಅಲ್ಲಿಗೆ ಬಂದಾಗ ಎರಡೂ ಎಳೆ ತುಂಡಾಗುತ್ತವೆ. 1988ರಲ್ಲಿ ಆ ಕಿಣ್ವವೇ ಇಲ್ಲದ ಯೀಸ್ಟಿಗೆ ಇದನ್ನು ಕೊಟ್ಟಾಗ ಅದು ಸಾಯಲಿಲ್ಲ; ಗುರಿ ಯಾವುದೆಂದು ಖಚಿತವಾಯಿತು.

ಅದೇ ವರ್ಷ ವೈನರ್ಟ್ ಮತ್ತು ಹಾರ್ಟ್‌ವೆಲ್ ಮತ್ತೊಂದು ಸಂಗತಿ ತೋರಿಸಿದರು. ಡಿಎನ್‌ಎಗೆ ಪೆಟ್ಟು ಬಿದ್ದರೆ ಯೀಸ್ಟ್ ವಿಭಜನೆ ನಿಲ್ಲಿಸಿ ದುರಸ್ತಿ ಮಾಡಿಕೊಳ್ಳುತ್ತದೆ. ರ್‍ಯಾಡ್9 ಜೀನ್ ಇಲ್ಲದಿದ್ದರೆ ನಿಲ್ಲದೆ ನುಗ್ಗಿ ಸಾಯುತ್ತದೆ. ನಮ್ಮ ಕೋಶಗಳಲ್ಲೂ ಇಂಥ ಕಾವಲಿದೆ. ಕ್ಯಾನ್ಸರ್ ಕೋಶಗಳಲ್ಲಿ ಅದು ಬಹಳ ಸಲ ಕೆಟ್ಟಿರುತ್ತದೆ.

ಹಾಗೆಂದು ಆ ಮರದ ಚಕ್ಕೆಯ ಕಷಾಯ ಯಾರೂ ಕುಡಿಯಬೇಡಿ. ಮೊದಲ ಪ್ರಯೋಗಗಳಲ್ಲಿ ಕ್ಯಾಂಪ್ಟೋಥೆಸಿನ್ ರೋಗಿಗಳಿಗೇ ವಿಷವಾಯಿತು. ಅದನ್ನು ಮಾರ್ಪಡಿಸಿ ಮಾಡಿದ ಇರಿನೋಟೆಕಾನ್ ಈಗ ದೊಡ್ಡ ಕರುಳಿನ ಕ್ಯಾನ್ಸರಿಗೆ ಔಷಧಿ. ವೇಗವಾಗಿ ಬೆಳೆಯುವ ಒಳ್ಳೆಯ ಕೋಶಕ್ಕೂ ಅದು ತಾಗುತ್ತದೆ. ಭೇದಿಯಾಗಬಹುದು, ಕೂದಲು ಉದುರಬಹುದು. ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ, ವೈದ್ಯರಿಗೆ ಹೇಳಿ.

ಮಕ್ಕಳೇ, ಯೀಸ್ಟನ್ನು ಪ್ರಶ್ನೆ ಕೇಳಿದವರು ಮನುಷ್ಯನ ರೋಗಕ್ಕೆ ಉತ್ತರ ಪಡೆದರು. ನೀವೂ ಕೇಳಿ.