ಅರ್ಧ ಮ್ಯಾರಥಾನ್ ಓಟವೂ ಮಿತದ ನೇಮವೂ



 

ಇಂಥ ಪುಣ್ಯಸಭೆಯಲ್ಲಿ ಓಟದ ಪಂದ್ಯದ ವಿಚಾರವನ್ನೆತ್ತುವುದು ಉಚಿತವೇ ಎಂಬ ಶಂಕೆಯು ಕೆಲವರಲ್ಲಿ ಹುಟ್ಟುವುದು ಸಹಜವು. ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳಂಥ ಗಹನವಾದ ವಿಷಯಗಳಿರುತ್ತಿರಲು, ರಸ್ತೆಯ ಮೇಲೆ ಬೆವರಿಳಿಸಿ ಓಡುವವರ ಮಾತು ಮಠಕ್ಕೇಕೆ ಎಂದು ಹಿರಿಯರು ಕೇಳಬಹುದು. ಆದರೆ ಈಚಿನ ವರ್ಷಗಳಲ್ಲಿ ಪಟ್ಟಣಗಳಲ್ಲಿಯೂ ಸಣ್ಣ ಊರುಗಳಲ್ಲಿಯೂ ಗುಮಾಸ್ತರು, ಉಪಾಧ್ಯಾಯರು, ಅಂಗಡಿಕಾರರು, ಗೃಹಿಣಿಯರು ನಸುಕಿನಲ್ಲಿಯೇ ಎದ್ದು ಓಡುತ್ತಿರುವುದನ್ನು ಎಲ್ಲರೂ ಕಂಡಿರುವರು. ಅರ್ಧ ಮ್ಯಾರಥಾನ್ ಎಂಬ ದೂರದ ಓಟವನ್ನು ಆಯುಷ್ಯದಲ್ಲಿ ಒಮ್ಮೆಯಾದರೂ ಪೂರೈಸಬೇಕೆಂಬುದು ಅವರಲ್ಲಿ ಅನೇಕರ ಹಂಬಲವು. ಈ ಹಂಬಲವು ಶರಣಧರ್ಮಕ್ಕೆ ಒಪ್ಪುವುದೋ ಇಲ್ಲವೋ, ದೇಹಕ್ಕೆ ಹಿತವೋ ಅಹಿತವೋ, ಅದನ್ನು ಸಾಧಿಸುವ ಕ್ರಮವಾವುದು ಎಂಬಿವು ವಿಚಾರಾರ್ಹವಾದ ಪ್ರಶ್ನೆಗಳೇ ಸರಿ.

ಮೊದಲು ಈ ಓಟದ ಪೂರ್ವೇತಿಹಾಸವನ್ನು ತಿಳಿಯತಕ್ಕದ್ದು. ಕ್ರಿಸ್ತಪೂರ್ವ 490ರಲ್ಲಿ ಗ್ರೀಸ್ ದೇಶದ ಮ್ಯಾರಥಾನ್ ಎಂಬ ಬಯಲಿನಲ್ಲಿ ಅಥೆನ್ಸಿನವರು ಪಾರಸಿಕರ ಸೈನ್ಯವನ್ನು ಸೋಲಿಸಿದರು. ಆ ಜಯದ ವಾರ್ತೆಯನ್ನು ಅಥೆನ್ಸಿಗೆ ಓಡುತ್ತ ತಂದ ದೂತನು, ಅದನ್ನು ತಿಳಿಸಿದೊಡನೆಯೇ ಪ್ರಾಣವನ್ನು ಬಿಟ್ಟನೆಂದು ಕಥೆಯುಂಟು. ಆ ಯುದ್ಧಕ್ಕೆ ಸಮೀಪಕಾಲದವನಾದ ಹೆರೊಡೋಟಸನ ಇತಿಹಾಸಗ್ರಂಥದಲ್ಲಿ ಈ ಮರಣದ ಸಂಗತಿಯು ಕಾಣದು. ಅದು ಬಹುಕಾಲದ ಮೇಲಣ ಲೇಖಕರಿಂದ ಬಂದುದು. ಹೇಗೂ ಇರಲಿ, ಈ ಕಥೆಯ ಸ್ಮರಣಾರ್ಥವಾಗಿ 1896ರಲ್ಲಿ ಅಥೆನ್ಸಿನಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಸುಮಾರು 40 ಕಿಲೋಮೀಟರಿನ ಓಟವನ್ನು ಏರ್ಪಡಿಸಿದರು. ಅದನ್ನು ಗೆದ್ದವನು ರಾಜಪುತ್ರನೂ ಅಲ್ಲ, ಸೇನಾನಿಯೂ ಅಲ್ಲ. ನೀರು ಹೊತ್ತು ಮಾರಿ ಜೀವಿಸುತ್ತಿದ್ದ ಸ್ಪಿರಿಡಾನ್ ಲೂಯಿ ಎಂಬವನು. 1908ರಲ್ಲಿ ಲಂಡನ್ನಿನಲ್ಲಿ ಓಟದ ದೂರವು 26 ಮೈಲು 385 ಗಜವಾಗಿತ್ತು. ಅದನ್ನೇ, ಎಂದರೆ 42.195 ಕಿಲೋಮೀಟರನ್ನೇ, 1921ರಲ್ಲಿ ಸರ್ವದೇಶಗಳಿಗೂ ನಿಶ್ಚಯಿಸಿದರು. ಅದರ ಅರ್ಧವಾದ 21.0975 ಕಿಲೋಮೀಟರಿನ ಓಟವೇ ಅರ್ಧ ಮ್ಯಾರಥಾನ್.

ಇದು ಪರದೇಶದ ಸಂಗತಿಯೆಂದು ಉಪೇಕ್ಷಿಸಲಾಗದು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಿಗೆ ಹಿಂದುಸ್ಥಾನದಿಂದ ಹೋದ ಸಣ್ಣ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರಿದ್ದರು. ಆ ತಂಡಕ್ಕೆ ಬೆಂಬಲವಾಗಿ ನಿಂತವರು ಸರ್ ದೊರಾಬ್ಜಿ ಟಾಟಾರವರು. ಪುಣೆಯ ಕ್ರೀಡಾಕೂಟವೊಂದರಲ್ಲಿ ಹಳ್ಳಿಯ ಒಕ್ಕಲುಮಕ್ಕಳು ಬರಿಗಾಲಿನಲ್ಲಿ ದೂರದ ಓಟವನ್ನು ಓಡಿದ ರೀತಿಯನ್ನು ಕಂಡು ಅವರು ಬೆರಗಾಗಿದ್ದರು. ಆಂಟ್‌ವರ್ಪಿನ ದಾರಿಯು 42.75 ಕಿಲೋಮೀಟರು, ಎಂದರೆ ಈಗಿನ ಮ್ಯಾರಥಾನಿಗಿಂತಲೂ ಅರ್ಧ ಕಿಲೋಮೀಟರಿಗೆ ಮಿಕ್ಕಿ ಉದ್ದವಾದುದು. ಫಿನ್ಲೆಂಡಿನ ಹಾನ್ನೆಸ್ ಕೋಲೆಹ್ಮೈನೆನ್ ಗೆದ್ದ ಆ ಪಂದ್ಯದಲ್ಲಿ ಚೌಗುಲೆಯವರು 19ನೆಯವರಾಗಿ ಬಂದರು. ಪದಕವು ದೊರೆಯಲಿಲ್ಲ. ಆದರೂ ಕನ್ನಡದ ಗಡಿನಾಡಿನ ಒಬ್ಬ ತರುಣನು ಅಷ್ಟು ದೂರವನ್ನು ನಿಲ್ಲದೆ ಪೂರೈಸಿದನೆಂಬುದು ಸಾಮಾನ್ಯ ಸಂಗತಿಯಲ್ಲ.

ಇನ್ನು ಮುಖ್ಯವಾದ ಪ್ರಶ್ನೆಗೆ ಬರತಕ್ಕದ್ದು. ಹವ್ಯಾಸಕ್ಕಾಗಿ ಓಡುವವನಿಗೆ ಬಹುಮಾನದ ಆಸೆಯಿಲ್ಲ. ಅಗ್ರಗಣ್ಯರಾದ ಓಟಗಾರರು ಈ ದೂರವನ್ನು ಸುಮಾರು ಒಂದು ತಾಸಿನಲ್ಲಿ ಮುಗಿಸುವರು. ಅವನಿಗೆ ಎರಡೂವರೆ ತಾಸೋ ಮೂರು ತಾಸೋ ಬೇಕಾಗುವುದು. ಸಾವಿರಾರು ಜನರ ಹಿಂದೆ ಬರುವವನು ಏತಕ್ಕಾಗಿ ಓಡಬೇಕು? ಕೆಲವರು ಉತ್ಸಾಹದಿಂದ ಓಟವನ್ನೇ ಕಾಯಕವೆಂದು ಕರೆಯುವರು. ಇದು ಸರಿಯಾದ ಮಾತಲ್ಲ. ಶಿವಶರಣರ ಮತದಲ್ಲಿ ಕಾಯಕವೆಂಬುದು ಸತ್ಯಶುದ್ಧವಾದ ದುಡಿಮೆಯು. ಅದರ ಫಲವು ಗುರುಲಿಂಗಜಂಗಮರಿಗೆ ಸಲ್ಲುವುದು, ಹಸಿದವನ ಬಾಯಿಗೆ ಅನ್ನವಾಗುವುದು. ಒಬ್ಬನು ನಸುಕಿನಲ್ಲಿ 10 ಕಿಲೋಮೀಟರು ಓಡಿ ಬಂದರೆ ಯಾರ ಹೊಟ್ಟೆಯೂ ತುಂಬದು. ಆದರೆ ಕಾಯಕವನ್ನು ಮಾಡುವುದು ಕಾಯವೇ ಅಲ್ಲವೇ? ಇಷ್ಟಲಿಂಗಕ್ಕೆ ಆಶ್ರಯವಾದುದು ಈ ಅಂಗವೇ ಅಲ್ಲವೇ? ಕುಳಿತು ಕುಳಿತು ಜಡವಾಗಿ, ಮಧುಮೇಹಕ್ಕೂ ರಕ್ತದ ಒತ್ತಡಕ್ಕೂ ಎಡೆಗೊಟ್ಟ ಶರೀರವು ದುಡಿಮೆಗೂ ಪೂಜೆಗೂ ಒದಗಲಾರದು. ಆದಕಾರಣ ಓಟವು ಕಾಯಕವಲ್ಲವಾದರೂ, ಕಾಯಕಕ್ಕಾಗಿ ಕಾಯವನ್ನು ಅಣಿಗೊಳಿಸುವ ಒಂದು ನೇಮವೆಂದು ತಿಳಿಯಬಹುದು. ನೇಮವೆಂದ ಮೇಲೆ ಅದಕ್ಕೆ ಮಿತವುಂಟು. ಮಿತವನ್ನು ತಪ್ಪಿದ ಓಟವು ನೇಮವಾಗಿ ಉಳಿಯದೆ ಮೋಹವಾಗುವುದು.

ಉದಾಹರಣೆಗಾಗಿ ನಲವತ್ತೈದು ವರ್ಷದ ಒಬ್ಬ ಗೃಹಸ್ಥನನ್ನು ಭಾವಿಸಬಹುದು. ಅವನು ಹಗಲೆಲ್ಲ ಮೇಜಿನ ಮುಂದೆ ಕುಳಿತು ಲೆಕ್ಕ ಬರೆಯುವವನು. ಒಂದು ತಾಸು ಚುರುಕಾಗಿ ನಡೆಯಬಲ್ಲನು, ಓಡಿದ ವಾಡಿಕೆಯಿಲ್ಲ. ಮೊದಲನೆಯದಾಗಿ ಅವನು ವೈದ್ಯರಲ್ಲಿಗೆ ಹೋಗಿ ಹೃದಯವನ್ನೂ ರಕ್ತದ ಒತ್ತಡವನ್ನೂ ಪರೀಕ್ಷಿಸಿಕೊಳ್ಳಬೇಕು. ಮನೆತನದಲ್ಲಿ ಹೃದ್ರೋಗವಿದ್ದವರಂತೂ ಇದನ್ನು ಬಿಡಲಾಗದು. ಆಮೇಲೆ 16 ವಾರಗಳ ಅವಧಿಯನ್ನು ಇಟ್ಟುಕೊಂಡು ವಾರಕ್ಕೆ ಮೂರು ಅಥವಾ ನಾಲ್ಕು ದಿನ ಮಾತ್ರ ಅಭ್ಯಾಸ ಮಾಡಬೇಕು. ಮೊದಲ ನಾಲ್ಕು ವಾರಗಳಲ್ಲಿ ಸ್ವಲ್ಪ ಓಟ, ಸ್ವಲ್ಪ ನಡಿಗೆ, ಹೀಗೆ ಅರ್ಧ ತಾಸಿನಿಂದ 40 ನಿಮಿಷಗಳವರೆಗೆ ಸಾಕು. ವೇಗದ ಅಳತೆಗೆ ಯಂತ್ರವು ಬೇಕಾಗಿಲ್ಲ. ಜೊತೆಯವನೊಡನೆ ಏದುಸಿರಿಲ್ಲದೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಬಲ್ಲಷ್ಟು ನಿಧಾನವೇ ಅವನಿಗೆ ತಕ್ಕ ವೇಗವು.

ಐದನೆಯ ವಾರದಿಂದ ವಾರಕ್ಕೊಂದು ದಿನ ದೀರ್ಘವಾದ ಓಟವನ್ನು ಇಟ್ಟುಕೊಳ್ಳಬೇಕು. 6 ಕಿಲೋಮೀಟರಿನಿಂದ ತೊಡಗಿ ವಾರವಾರಕ್ಕೆ ಒಂದು ಅಥವಾ ಒಂದೂವರೆ ಕಿಲೋಮೀಟರಿನಂತೆ ಏರಿಸುತ್ತ, ಪ್ರತಿ ನಾಲ್ಕನೆಯ ವಾರದಲ್ಲಿ ತುಸು ಇಳಿಸಿ, 14ನೆಯ ವಾರದ ಹೊತ್ತಿಗೆ 16 ಅಥವಾ 17 ಕಿಲೋಮೀಟರನ್ನು ಮುಟ್ಟಿದರೆ ಸಾಕು. ಪಂದ್ಯಕ್ಕೆ ಮುಂಚಿನ ಎರಡು ವಾರಗಳಲ್ಲಿ ಅಭ್ಯಾಸವನ್ನು ಕಡಮೆ ಮಾಡುತ್ತ ಬರಬೇಕು. ಪಂದ್ಯದ ಪೂರ್ತಿ ದೂರವನ್ನು ಮೊದಲೇ ಓಡಿ ನೋಡುವ ಆವಶ್ಯಕತೆಯಿಲ್ಲ. ವಿಶ್ರಾಂತಿಯ ದಿನಗಳು ವ್ಯರ್ಥವೆಂದೂ ಭಾವಿಸಲಾಗದು. ಓಟದಲ್ಲಿ ಸವೆದ ಮಾಂಸಖಂಡಗಳು ಮರಳಿ ಬಲಗೊಳ್ಳುವುದು ವಿಶ್ರಾಂತಿಯಲ್ಲಿಯೂ ನಿದ್ರೆಯಲ್ಲಿಯೂ.

ಹೀಗೆ ಹೇಳುವಾಗ ಎಲ್ಲವೂ ಸುಲಭವಾಗಿ ತೋರುವುದು. ನಿಜವಾದ ಪರೀಕ್ಷೆಯು ಬರುವುದು ಆರನೆಯ ಅಥವಾ ಏಳನೆಯ ವಾರದಲ್ಲಿ. ಅಷ್ಟುಹೊತ್ತಿಗೆ ಉಸಿರಾಟವು ಹಗುರಾಗುವುದು, ಬೆಳಗಿನ ಗಾಳಿಯು ಹಿತವಾಗುವುದು, ನಡು ಸಣ್ಣಗಾಗುವುದು, ನೆರೆಹೊರೆಯವರು ಹೊಗಳುವರು. ಆಗ ಆ ಗೃಹಸ್ಥನ ಮನಸ್ಸು, 9 ಕಿಲೋಮೀಟರು ಓಡಿದವನಿಗೆ 15 ಯಾವ ಲೆಕ್ಕ ಎಂದು ಹೇಳುವುದು. ಅವನು ಇಳಿಸಬೇಕಾದ ವಾರದಲ್ಲಿ ಏರಿಸುವನು. ವಿಶ್ರಾಂತಿಯ ದಿನದಲ್ಲಿಯೂ ಓಡುವನು. ಹತ್ತು ಹದಿನೈದು ದಿನಗಳಲ್ಲಿ ಕಣಕಾಲ ಎಲುಬಿನಲ್ಲಿ ನೋವು ಕಾಣಿಸುವುದು. ಅದನ್ನು ಲೆಕ್ಕಿಸದೆ ಓಡಿದರೆ ಎಲುಬು ಕೂದಲೆಳೆಯಷ್ಟು ಬಿರಿದು, ತಿಂಗಳುಗಟ್ಟಲೆ ಕುಳಿತುಕೊಳ್ಳಬೇಕಾಗುವುದು. ಇದಕ್ಕೆ ಕಾರಣವು ಸ್ಪಷ್ಟವಾಗಿರುವುದು. ಹೃದಯವೂ ಶ್ವಾಸಕೋಶವೂ ರಕ್ತವೂ ಕೆಲವು ವಾರಗಳಲ್ಲಿಯೇ ಶ್ರಮಕ್ಕೆ ಹೊಂದಿಕೊಳ್ಳುವುವು. ಎಲುಬುಗಳೂ ಮಾಂಸಖಂಡಗಳನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳೂ ತಿಂಗಳುಗಳನ್ನು ತೆಗೆದುಕೊಳ್ಳುವುವು. ಉಸಿರು ಒಪ್ಪಿಗೆ ಕೊಟ್ಟಿತೆಂದು ಎಲುಬೂ ಒಪ್ಪಿತೆಂದು ತಿಳಿಯುವುದೇ ಹೊಸ ಓಟಗಾರನು ಮಾಡುವ ದೊಡ್ಡ ಪ್ರಮಾದವು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯು ನೆನಪಿಗೆ ಬರತಕ್ಕದ್ದು. ಆಕೆಯ ಪತಿ ಮಾರಯ್ಯನವರು ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ದಿನದ ಅಗತ್ಯಕ್ಕೆ ಮೀರಿದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಮರಳಿ ಕಳುಹಿದಳು. ಅಕ್ಕಿಯು ಒಳ್ಳೆಯದು, ದಾಸೋಹವೂ ಒಳ್ಳೆಯದು. ಆದರೆ ಹೆಚ್ಚು ಬೇಕೆಂಬ ಆಸೆಯು ಒಳ್ಳೆಯದರೊಳಗೆ ಹೊಕ್ಕರೂ ಅದು ಆಸೆಯೇ ಎಂಬುದನ್ನು ಆ ಮಹಾತಾಯಿಯು ತೋರಿಸಿಕೊಟ್ಟಳು. ಅಂದಿನ ದಿನಕ್ಕೆ 9 ಕಿಲೋಮೀಟರಿನ ನೇಮವಿದ್ದರೆ ಹತ್ತನೆಯದು ಮನೆಗೆ ತರಬಾರದ ಅಕ್ಕಿಯೆಂದು ಓಟಗಾರನು ತಿಳಿಯಬೇಕು.

ಮಿತವನ್ನು ಮೀರುವುದರ ಫಲವನ್ನು 1908ರ ಲಂಡನ್ನಿನ ಪಂದ್ಯದಲ್ಲಿ ಲೋಕವೇ ಕಂಡಿತು. ಇಟಲಿಯ ಡೊರಾಂಡೊ ಪಿಯೆತ್ರಿಯು ಎಲ್ಲರಿಗಿಂತ ಮುಂದಾಗಿ ಕ್ರೀಡಾಂಗಣವನ್ನು ಹೊಕ್ಕನು. ಆದರೆ ಬಿಸಿಲಿಗೂ ಬಳಲಿಕೆಗೂ ಸಿಕ್ಕಿ, ದಿಕ್ಕುಗೆಟ್ಟು ತಪ್ಪು ದಾರಿಯನ್ನು ಹಿಡಿದು, ಪುನಃ ಪುನಃ ನೆಲಕ್ಕುರುಳಿದನು. ಪಂದ್ಯದ ಅಧಿಕಾರಿಗಳು ಅವನನ್ನು ಎತ್ತಿ ನಿಲ್ಲಿಸಿ ಗೆರೆಯನ್ನು ದಾಟಿಸಿದರು. ಪರರ ಸಹಾಯವನ್ನು ಪಡೆದನೆಂದು ಅವನ ಗೆಲುವು ರದ್ದಾಯಿತು. ಅಂಥ ಸಮರ್ಥನಿಗೇ ಹಾಗಾದ ಮೇಲೆ ಹವ್ಯಾಸಿಯು ಎಷ್ಟು ಎಚ್ಚರದಿಂದಿರಬೇಕು!

ಆದುದರಿಂದ ಓಟವನ್ನು ಸೂರ್ಯೋದಯಕ್ಕೆ ಮುಂಚೆಯೋ ಅದರ ಸಮೀಪದಲ್ಲಿಯೋ ಮಾಡತಕ್ಕದ್ದು. ಶೆಕೆಗೆ ಶರೀರವು ಹೊಂದಿಕೊಳ್ಳಲು ಹತ್ತು ಹದಿನಾಲ್ಕು ದಿನಗಳು ಬೇಕು. ಓಡುವಾಗ ಎದೆಯಲ್ಲಿ ನೋವು, ತಲೆಸುತ್ತು, ಮಾತಿನಲ್ಲಿ ತೊದಲು, ಬುದ್ಧಿಯಲ್ಲಿ ಭ್ರಮೆ ಕಂಡರೆ ಆ ಕ್ಷಣವೇ ನಿಲ್ಲಬೇಕು. ಬಿಸಿಲ ಹೊಡೆತದಿಂದ ಮೈ ಕಾದವನನ್ನು ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು, ತಡಮಾಡದೆ ವೈದ್ಯರನ್ನು ಕರೆಯಬೇಕು. ನೀರಿನಲ್ಲಿಯೂ ಮಿತವುಂಟು. ಕಡಮೆ ಕುಡಿದರೆ ಬಳಲಿಕೆಯು, ಅತಿಯಾಗಿ ಕುಡಿದರೆ ರಕ್ತದೊಳಗಣ ಉಪ್ಪು ತೆಳುವಾಗಿ ಪ್ರಾಣಕ್ಕೇ ಅಪಾಯವು. ಬಾಯಾರಿಕೆಯನ್ನು ಅನುಸರಿಸಿ ಕುಡಿಯುವುದೇ ಸಾಮಾನ್ಯರಿಗೆ ಲೇಸು. ಆಹಾರಕ್ಕೆ ವಿಶೇಷವಾದ ಪದಾರ್ಥಗಳೇನೂ ಬೇಕಿಲ್ಲ. ಜೋಳದ ರೊಟ್ಟಿ, ಅನ್ನ, ಬೇಳೆ, ಕಾಯಿಪಲ್ಲೆ, ಹಾಲು, ಮೊಸರುಗಳೇ ಸಾಕು. ಪಂದ್ಯದ ದಿನ ಬೆಳಿಗ್ಗೆ ಹೊಸ ತಿನಿಸನ್ನಾಗಲಿ ಹೊಸ ಪಾದರಕ್ಷೆಯನ್ನಾಗಲಿ ಪ್ರಯೋಗಿಸಲೇಬಾರದು.

ಪಂದ್ಯದ ದಿನದಲ್ಲಿಯೂ ಮನಸ್ಸಿನ ಪರೀಕ್ಷೆಯುಂಟು. ವಾದ್ಯಘೋಷವೂ ಜನಸಂದಣಿಯೂ ಸೇರಿ ಓಟಗಾರನನ್ನು ಮೊದಲ ಎರಡು ಕಿಲೋಮೀಟರುಗಳಲ್ಲಿಯೇ ಸೆಳೆದೊಯ್ಯುವುವು. ಮೂರು ತಾಸುಗಳಲ್ಲಿ ಮುಗಿಸಬೇಕೆನ್ನುವವನಿಗೆ ಕಿಲೋಮೀಟರೊಂದಕ್ಕೆ ಎಂಟೂವರೆ ನಿಮಿಷಗಳು ಸಾಕು; ಆರಂಭದಲ್ಲಿ ಅವನು ಅದಕ್ಕಿಂತಲೂ ತುಸು ನಿಧಾನವಾಗಿದ್ದರೆ ಕೊನೆಯ 5 ಕಿಲೋಮೀಟರು ಅವನನ್ನು ಕೈಬಿಡದು. ಮುಂದೆ ಹೋದವರನ್ನು ಕಂಡು ಕರುಬದೆ, ಹಿಂದೆ ಉಳಿದವರನ್ನು ಕಂಡು ಹಿಗ್ಗದೆ, ತನ್ನ ಹೆಜ್ಜೆಯನ್ನೇ ತಾನು ನೋಡುತ್ತ ಸಾಗುವವನು ಗುರಿಯನ್ನು ಮುಟ್ಟುವನು.

ಆ ದಾರಿಯಲ್ಲಿ ಇನ್ನೆರಡು ಸಂಗತಿಗಳು ಶರಣರ ಕಣ್ಣಿಗೆ ಹಿತವಾಗಿ ಕಾಣುವುವು. ಒಂದು ಸಮಾನತೆಯು. ಸ್ತ್ರೀಯರ ಶರೀರಕ್ಕೆ ದೂರದ ಓಟವು ಸಲ್ಲದೆಂದು ಪಾಶ್ಚಾತ್ಯರೇ ಬಹುಕಾಲ ನಂಬಿದ್ದರು. ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರ ಮ್ಯಾರಥಾನ್ ಮೊದಲು ನಡೆದುದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಇಂದು ತಾಯಿ, ಮಗಳು, ಯಜಮಾನ, ಆಳು ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ದಾರಿಯಲ್ಲಿ ಓಡುವರು. ಮುಪ್ಪೂ ಅಡ್ಡಿಯಲ್ಲವೆಂಬುದಕ್ಕೆ ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಫೌಜಾ ಸಿಂಗರು ಸಾಕ್ಷಿಯು. ಮಗನನ್ನು ಕಳೆದುಕೊಂಡ ದುಃಖದಲ್ಲಿ ಓಟವನ್ನು ಹಿಡಿದ ಆ ವೃದ್ಧರು, 2000ದಲ್ಲಿ ಲಂಡನ್ನಿನ ಮ್ಯಾರಥಾನನ್ನು ಓಡಿದರು. 2011ರಲ್ಲಿ, ತಮ್ಮ ಲೆಕ್ಕದಂತೆ ನೂರನೆಯ ವಯಸ್ಸಿನಲ್ಲಿ, ಟೊರಾಂಟೊದ ಪೂರ್ಣ ಮ್ಯಾರಥಾನನ್ನು ಮುಗಿಸಿದರು. ಅವರು 2025ರಲ್ಲಿ ತೀರಿಕೊಂಡರು.

ಎರಡನೆಯದು ದಾಸೋಹವು. ಓಟದ ದಾರಿಯ ಇಕ್ಕೆಲಗಳಲ್ಲಿ ಎಷ್ಟೋ ಜನರು ನಸುಕಿನಿಂದ ನಿಂತು, ಗುರುತುಪರಿಚಯವಿಲ್ಲದವರ ಕೈಗೆ ನೀರನ್ನೂ ಹಣ್ಣನ್ನೂ ಕೊಡುವರು. ಅವರ ಹೆಸರು ಯಾವ ಪಟ್ಟಿಯಲ್ಲಿಯೂ ಬರದು. ಒಮ್ಮೆ ಓಡಿ ಗುರಿಯನ್ನು ಮುಟ್ಟಿದವನು ಮರುವರ್ಷ ಅಲ್ಲಿ ನೀರಿನ ಕೊಡದ ಬಳಿ ನಿಂತು ನೀಡುವುದನ್ನು ಕಲಿತರೆ, ಅವನ ನೇಮವು ಅಂದು ಕಾಯಕದ ಬಾಗಿಲಿಗೆ ಬಂದಿತೆನ್ನಬಹುದು.

ಸಾರಾಂಶವಿಷ್ಟೇ: ಪಂದ್ಯವು ಒಂದು ದಿನದ್ದು, ನೇಮವು ನಿತ್ಯದ್ದು. ಪಂದ್ಯದ ಮರುದಿನ ಆ ಗೃಹಸ್ಥನು ಕಾಲು ನೋಯುತ್ತಿದ್ದರೂ ಎಂದಿನಂತೆ ಎದ್ದು, ಮಿಂದು, ಲಿಂಗಪೂಜೆಯನ್ನು ಮುಗಿಸಿ, ತನ್ನ ಮೇಜಿನ ಮುಂದೆ ಕುಳಿತು ಲೆಕ್ಕವನ್ನು ತಪ್ಪಿಲ್ಲದೆ ಬರೆದರೆ, ಅವನ ಹದಿನಾರು ವಾರಗಳ ಶ್ರಮವು ಸಾರ್ಥಕವಾಯಿತು. ಓಟದ ಹೆಮ್ಮೆಯಲ್ಲಿ ಕೆಲಸವನ್ನೂ ಮನೆಯನ್ನೂ ಮರೆತರೆ, ಎಷ್ಟು ದೂರ ಓಡಿದರೂ ಅವನು ನಿಂತಲ್ಲಿಯೇ ನಿಂತಂತಾಯಿತು. ಶ್ರೀಮಠದ ಶಿಷ್ಯರು ಕಾಯವನ್ನು ಹಳಿಯದೆ, ಕಾಯವನ್ನು ದಂಡಿಸದೆ, ಮಿತದಿಂದ ಅದನ್ನು ಸತ್ಕಾರ್ಯಕ್ಕೆ ಅಣಿಗೊಳಿಸಲೆಂದು ಗುರುಬಸವೇಶ್ವರನಲ್ಲಿ ಪ್ರಾರ್ಥನೆಯು.